ಕೆನ್ನೆ ಕೆಂಪಾಗಿ ಉರಿಯುವವರು ಯಾವ ಫೌಂಡೇಶನ್ ಹಾಕಬಹುದು? ತಂಗಿ ಮದುವೆಗೆ ಆರೇ ವಾರ

ಕಬ್ಬಿನಹಾಲು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಆಷಾಢ ಕಳೆದು ಶ್ರಾವಣದಲ್ಲಿ ನನ್ನ ತಂಗಿಯ ಮದುವೆ, ಮೈಸೂರಿನ ಛತ್ರದಲ್ಲಿ. ನಾನೇ ಕಳಸಗಿತ್ತಿ. ಅಂದರೆ ಎರಡು ದಿನ ಅವಳ ಪಕ್ಕ ಬಿಟ್ಟು ಕದಲುವ ಹಾಗಿಲ್ಲ. ಅವಳ ಪ್ರತಿ ಫೋಟೋದಲ್ಲೂ ನನ್ನ ಮುಖ ಇರುತ್ತದೆ. ತಾಪತ್ರಯ ಇರುವುದು ಆ ಮುಖದ್ದೇ.

ವಯಸ್ಸು 34, ಗೋಧಿ ಬಣ್ಣ. ಎರಡೂ ಕೆನ್ನೆ, ಮೂಗು, ಗಲ್ಲ ಯಾವಾಗಲೂ ಕೆಂಪು. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ, ಬಿಸಿ ಸಾರು ಕುಡಿದರೆ ಇನ್ನೂ ಜಾಸ್ತಿ. ಹೋದ ತಿಂಗಳು ಊರಿನ ಆಲೆಮನೆಗೆ ಬೆಲ್ಲ ತರಲು ಹೋಗಿದ್ದೆ. ಕೊಪ್ಪರಿಗೆ ಹತ್ತಿರ ಐದು ನಿಮಿಷ ನಿಂತಿದ್ದೇ ತಪ್ಪಾಯಿತು. "ಯಾಕವ್ವ, ಯಾರು ಹೊಡೆದ್ರು?" ಅಂತ ಅಲ್ಲಿದ್ದ ತಾತ ಕೇಳಿದರು. ಕೆನ್ನೆ ಹಾಗಿತ್ತು.

ಫ್ಯಾನ್ಸಿ ಸ್ಟೋರಿನಿಂದ ಒಂದು ಫೌಂಡೇಶನ್ ತಂದೆ. ಒಳ್ಳೆ ಮಲ್ಲಿಗೆ ಹೂವಿನ ವಾಸನೆ. ಹತ್ತು ನಿಮಿಷಕ್ಕೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿ, ತೊಳೆದುಬಿಟ್ಟೆ. ಆಮೇಲೆ ಒಂದು ಪಾರ್ಲರಿನಲ್ಲಿ ಟ್ರಯಲ್ ಮಾಡಿಸಿದೆ. ಕೆಂಪು ಮುಚ್ಚಲು ಮೊದಲು ಹಸಿರು ಬಣ್ಣದ ಕ್ರೀಮು, ಅದರ ಮೇಲೆ ದಪ್ಪಗೆ ಫೌಂಡೇಶನ್. ಕನ್ನಡಿ ನೋಡಿದರೆ ವಿಭೂತಿ ಬಳಿದುಕೊಂಡ ಹಾಗಿದ್ದೆ. ಉರಿಯೂ ತಪ್ಪಲಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಉರಿಯಬಾರದು. ಬೆಳಗ್ಗೆ ಆರರಿಂದ ಮಧ್ಯಾಹ್ನದ ಊಟದ ತನಕ ಇರಬೇಕು, ಹೋಮದ ಹೊಗೆ ಮತ್ತು ವಿಡಿಯೋದವರ ಲೈಟು ತಡೆಯಬೇಕು. 1500 ರೂಪಾಯಿ ತನಕ ಪರವಾಗಿಲ್ಲ. ಯಾವ ಕಂಪನಿದು ತಗೊಳ್ಳಲಿ?

ಕಾವೇರಿ ದಡ, ಶ್ರೀರಂಗಪಟ್ಟಣ

ಕ್ಯಾಲಮೈನ್ ಲೋಷನ್ ಹಚ್ಚಿ, ಮೇಲೆ ಪೌಡರ್ ಹಾಕಿ. ನಮ್ಮಮ್ಮನ ಮದುವೆಯಲ್ಲಿ ಅದೇ ಫೌಂಡೇಶನ್ನು. ಸುಮ್ನೆ ದುಡ್ಡು ಯಾಕೆ ದಂಡ?

ಕಬ್ಬಿನಹಾಲು, ಮಂಡ್ಯ

ಅದೂ ಆಯಿತು ಕಣ್ರೀ. ಉರಿ ಕಡಿಮೆ, ನಿಜ. ಆದರೆ ಒಣಗಿದ ಮೇಲೆ ಮುಖ ಬಿಗಿದು ಸುಣ್ಣ ಹೊಡೆದ ಗೋಡೆ ಸಿಪ್ಪೆ ಬಿಟ್ಟ ಹಾಗೆ ಆಯಿತು.

ಪಾರ್ಲರ್ ಅಕ್ಕ, ಕುವೆಂಪುನಗರ

ಹದಿನಾರು ವರ್ಷದಿಂದ ಮದುಮಗಳ ಮೇಕಪ್ ಮಾಡುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕ್ಯಾಲಮೈನ್ ಅಂದರೆ ಬಹುಪಾಲು ಜಿಂಕ್ ಆಕ್ಸೈಡ್. ಅದಕ್ಕೆ ಆ ಗುಲಾಬಿ ಬಣ್ಣ ಬರುವುದು ಸ್ವಲ್ಪ ಕಬ್ಬಿಣದ ಆಕ್ಸೈಡ್ ಸೇರಿಸುವುದರಿಂದ. ಚರ್ಮ ತಣ್ಣಗೆ ಮಾಡುತ್ತದೆ, ಜೊತೆಗೆ ಒಣಗಿಸುತ್ತದೆ. ಈಗಲೇ ಒಣಗಿರುವ ಕೆನ್ನೆಗೆ ಅದು ಬೇಡ.

ಹಸಿರಿನ ವಿಷಯ. ಬಣ್ಣದ ಚಕ್ರದಲ್ಲಿ ಕೆಂಪಿನ ಎದುರಿಗೆ ಹಸಿರು ಇದೆ, ಒಂದನ್ನೊಂದು ಮಂಕು ಮಾಡುತ್ತವೆ. ಲೆಕ್ಕ ಸರಿ. ಆದರೆ ತುಂಬ ಬೆಳ್ಳಗಿರುವವರಿಗೆ ನಡೆಯುವಷ್ಟು ಹಸಿರು ನಮ್ಮ ಗೋಧಿ ಬಣ್ಣಕ್ಕೆ ಹಾಕಿದರೆ ಬೂದಿ ಆಗುತ್ತದೆ. ನಿಮಗೆ ಆಗಿದ್ದು ಅದೇ. ಹಳದಿ ಛಾಯೆಯ ಫೌಂಡೇಶನ್ ತಗೊಂಡರೆ ಕೆಂಪಿನ ಮುಕ್ಕಾಲು ಭಾಗ ಅದೇ ನುಂಗುತ್ತದೆ. ಗುಲಾಬಿ ಛಾಯೆಯದು ಮಾತ್ರ ಬೇಡವೇ ಬೇಡ. ಹಸಿರು ಬೇಕೇ ಬೇಕು ಅನ್ನಿಸಿದರೆ ಮೂಗಿನ ಪಕ್ಕ ಎಳ್ಳಷ್ಟು ಸಾಕು.

ಯಾವ ಕಂಪನಿ ಅಂತ ಕೇಳಿದ್ದೀರಿ. ನಾನು ಮೊದಲು ನೋಡುವುದು ಬಾಟಲಿಯ ಮುಂಭಾಗ ಅಲ್ಲ, ಬೆನ್ನು. ಅಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರುತ್ತದಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಕೊನೆ ಕೊನೆಗೆ ಫ್ರೇಗ್ರೆನ್ಸ್ ಅಥವಾ ಪರ್ಫ್ಯೂಮ್ ಅಂತ ಇದ್ದರೆ ವಾಪಸ್ ಇಡಿ. ಲಿನಲೂಲ್, ಲಿಮೋನೀನ್ ಅಂದರೂ ಸುವಾಸನೆಯೇ. 'ಅನ್‌ಸೆಂಟೆಡ್' ಅಂದರೆ ಸಾಲದು, ಕೆಲವು ಸಲ ಕೆಟ್ಟ ವಾಸನೆ ಮುಚ್ಚಲು ಇನ್ನೊಂದು ವಾಸನೆ ಹಾಕಿರುತ್ತಾರೆ. 'ಫ್ರೇಗ್ರೆನ್ಸ್ ಫ್ರೀ' ಅಂತಲೇ ಇರಬೇಕು. ಮೊದಲ ನಾಲ್ಕೈದು ಹೆಸರಿನೊಳಗೆ ಆಲ್ಕೋಹಾಲ್ ಡಿನ್ಯಾಟ್ ಇದ್ದರೂ ಬೇಡ. ಹಚ್ಚಿದಾಗ ತಂಪು ತಂಪು ಅನ್ನಿಸುವ ಮೆಂಥಾಲ್ ಇದ್ದರೂ ಬೇಡ. 'ಹೈಪೋಅಲರ್ಜೆನಿಕ್', 'ನ್ಯಾಚುರಲ್' ಅನ್ನುವ ಮಾತು ನೋಡಿ ಕೊಳ್ಳಬೇಡಿ. ನಿಂಬೆಹಣ್ಣೂ ನ್ಯಾಚುರಲ್ಲೇ, ಕೆನ್ನೆಗೆ ತಿಕ್ಕಿ ನೋಡಿ ಗೊತ್ತಾಗುತ್ತದೆ.

ಸುವಾಸನೆ ಹಾಕುವುದಿಲ್ಲ ಅನ್ನುವುದನ್ನೇ 1968ರಿಂದ ವ್ರತದ ಹಾಗೆ ನಡೆಸಿಕೊಂಡು ಬಂದ ಕಂಪನಿ ಅಂದರೆ ಕ್ಲಿನಿಕ್. ಆದರೆ ನಿಮ್ಮ 1500ಕ್ಕೆ ಎಟಕುವುದಿಲ್ಲ. ಬೇಸರ ಬೇಡ, ಬೆನ್ನು ಓದಿದರೆ ಕಡಿಮೆ ಬೆಲೆಯಲ್ಲೂ ಸಿಗುತ್ತದೆ.

ಶೇಡ್ ನೋಡುವಾಗ ಕೆನ್ನೆಗೆ ಹಚ್ಚಿ ನೋಡಲೇಬೇಡಿ. ಕೆನ್ನೆ ಕೆಂಪಗಿದೆ, ಅದು ಸುಳ್ಳು ಹೇಳುತ್ತದೆ. ದವಡೆಯಿಂದ ಕುತ್ತಿಗೆಗೆ ಒಂದು ಗೆರೆ ಎಳೆಯಿರಿ. ಅಂಗಡಿ ಲೈಟಿನಲ್ಲಿ ಒಪ್ಪಬೇಡಿ. ದೇವರಾಜ ಅರಸು ರಸ್ತೆಯಲ್ಲಿ ತಗೊಂಡರೆ ಫುಟ್‌ಪಾತಿಗೆ ಬಂದು ಹಗಲು ಬೆಳಕಿನಲ್ಲಿ ಕನ್ನಡಿ ನೋಡಿ, ಒಂದು ಕಾಫಿ ಕುಡಿದು ಬಂದು ಮತ್ತೆ ನೋಡಿ. ಕೆಲವು ಹದಿನೈದು ಇಪ್ಪತ್ತು ನಿಮಿಷದಲ್ಲಿ ಕಪ್ಪಾಗುತ್ತವೆ. ಕಾಫಿ ಆರಿಸಿ ಕುಡಿಯಿರಿ, ನಿಮ್ಮ ಕೆನ್ನೆಗೆ ಬಿಸಿ ಆಗುವುದಿಲ್ಲ ಅಲ್ವಾ.

ತಂದ ಮೇಲೆ ಸೀದಾ ಮುಖಕ್ಕೆ ಬೇಡ. ಮೊಣಕೈ ಒಳಗಡೆ ಕಾಸಿನಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಒಂದೇ ದಿನಕ್ಕೆ ಏನೂ ಗೊತ್ತಾಗುವುದಿಲ್ಲ, ಅಲರ್ಜಿ ನಿಧಾನವಾಗಿ ಎದ್ದು ಬರುತ್ತದೆ.

ಮೆಡಿಕಲ್ ಶಾಪ್, ಮೈಸೂರು

ಪಾರ್ಲರ್ ಅಕ್ಕ ಹೇಳಿದ್ದೆಲ್ಲ ಸರಿ. ಕಬ್ಬಿನಹಾಲು ಅವರೇ, ಒಂದು ಮಾತು ಕೇಳಲಾ? ಫೌಂಡೇಶನ್ ಬಿಡಿ. ರಾತ್ರಿ ಮುಖಕ್ಕೆ ಏನು ಹಚ್ಚುತ್ತೀರಿ?

ಕಬ್ಬಿನಹಾಲು, ಮಂಡ್ಯ

ಮಗ ಹುಟ್ಟಿದ ಮೇಲೆ ಬಂಗು ಬಂದಿತ್ತು. ಪಕ್ಕದ ಮನೆಯವರು ಒಂದು ಟ್ಯೂಬ್ ಹೇಳಿದರು. ಒಂದೇ ವಾರಕ್ಕೆ ಮುಖ ಬೆಳ್ಳಗೆ, ನೈಸಾಗಿ ಆಯಿತು. ಮೂರು ವರ್ಷದಿಂದ ಅದನ್ನೇ ಹಚ್ಚುತ್ತಿದ್ದೇನೆ. ಎರಡು ದಿನ ಬಿಟ್ಟರೆ ಕೆಂಪಾಗಿ ಉರಿಯುತ್ತದೆ, ಅದಕ್ಕೇ ಬಿಡುವುದಿಲ್ಲ. ಟ್ಯೂಬ್ ಮೇಲೆ ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತ ಇದೆ. ಯಾಕೆ?

ಮೆಡಿಕಲ್ ಶಾಪ್, ಮೈಸೂರು

ಅಂದುಕೊಂಡೆ. ಮೊಮೆಟಾಸೋನ್ ಅಂದರೆ ಸ್ಟೀರಾಯ್ಡ್. ಬಂಗಿಗೆ ಡಾಕ್ಟರುಗಳು ಇದನ್ನು ಬರೆಯುತ್ತಾರೆ, ಸುಳ್ಳಲ್ಲ. ಆದರೆ ಕೆಲವು ವಾರಕ್ಕೆ, ಅವರ ಕಣ್ಣೆದುರಿಗೆ. ಮೂರು ವರ್ಷಕ್ಕಲ್ಲ.

ಸ್ಟೀರಾಯ್ಡ್ ಮೊದಲು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹಾಗಾಗಿ ಮುಖ ತಿಳಿಯಾಗಿ ಕಾಣುತ್ತದೆ. ಎಲ್ಲರೂ ಬೀಳುವುದು ಅಲ್ಲೇ. ದಿನ ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ನಾಳಗಳು ಹಿಗ್ಗಿ ಮೇಲಿಂದಲೇ ಕೆಂಪಗೆ ಕಾಣುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ. ಹೀಗೆ ಟ್ಯೂಬೇ ಟ್ಯೂಬನ್ನು ಮಾರಿಸುತ್ತದೆ. ಇದು ಎಷ್ಟು ಮಾಮೂಲಾಯಿತು ಅಂದರೆ ನಮ್ಮ ದೇಶದ ಚರ್ಮದ ಡಾಕ್ಟರುಗಳೇ 2008ರಲ್ಲಿ ಇದಕ್ಕೆ ಹೆಸರಿಟ್ಟರು: ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್, ಅಂದರೆ ಹಚ್ಚುವ ಸ್ಟೀರಾಯ್ಡಿನಿಂದ ಹಾಳಾದ ಮುಖ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೊಡುವವರು ಈಗಲೂ ಇದ್ದಾರೆ. ಕೌಂಟರಿನ ಈ ಕಡೆ ನಿಂತು ಹೇಳಲು ನನಗೇ ನಾಚಿಕೆ.

ನಾನು ಡಾಕ್ಟರಲ್ಲ, ನಿಮಗೆ ಇದೇ ಅಂತ ಹೇಳಲಾರೆ. ಬಿಸಿಗೆ, ಖಾರಕ್ಕೆ ಕೆಂಪಾಗುವ ರೋಸೇಶಿಯಾ ಅನ್ನುವ ತೊಂದರೆಯೂ ಇದೇ ಥರ ಕಾಣುತ್ತದೆ. ಗೋಧಿ, ಕಪ್ಪು ಬಣ್ಣದ ಮುಖದಲ್ಲಿ ಅದನ್ನು ಗುರುತಿಸುವುದೂ ಕಷ್ಟ. ಟ್ಯೂಬನ್ನು ಒಮ್ಮೆಗೇ ಬಿಸಾಕಿದರೆ ಮುಖ ಭುಗಿಲ್ ಅನ್ನಬಹುದು. ಹಾಗಂತ ಮುಂದುವರಿಸಲೂಬೇಡಿ. ಇದೇ ವಾರ ಚರ್ಮದ ಡಾಕ್ಟರ ಹತ್ತಿರ ಹೋಗಿ, ಟ್ಯೂಬ್ ಜೊತೆಯಲ್ಲೇ ತಗೊಂಡು ಹೋಗಿ.

ಸರಳ ಜೀವನ

ಇಷ್ಟೆಲ್ಲ ಯಾಕೆ? ಮೇಕಪ್ಪೇ ಬೇಡ ಅಂದರೆ ಮುಗಿಯಿತಲ್ಲ.

ಕಬ್ಬಿನಹಾಲು, ಮಂಡ್ಯ

ನಿಮ್ಮ ತಂಗಿ ಮದುವೆಯಲ್ಲಿ ನೀವು ಗಡ್ಡ ಬೋಳಿಸದೆ ಹೋಗಿ ಸರ್, ಆಮೇಲೆ ಮಾತಾಡೋಣ.

ಉಳಿದವರಿಗೆ: ನಿನ್ನೆ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿ ಬಂದೆ. ಟ್ಯೂಬ್ ನೋಡಿದವರೇ ತಲೆ ಆಡಿಸಿದರು. ಅವತ್ತು ಇದೇ ತೊಂದರೆಗೆ ಬಂದವರಲ್ಲಿ ನಾನು ನಾಲ್ಕನೆಯವಳಂತೆ. ಸ್ಟೀರಾಯ್ಡ್ ಬಿಡಿಸುವುದಕ್ಕೆ ಬೇರೆ ಮುಲಾಮು, ಮಾತ್ರೆ ಕೊಟ್ಟಿದ್ದಾರೆ. ಮೂರು ವಾರ ಮುಖಕ್ಕೆ ಬಣ್ಣ ಏನೂ ಬೇಡ. ವಾಸನೆ ಇಲ್ಲದ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡಿನ ಸನ್‌ಸ್ಕ್ರೀನ್, ಅಷ್ಟೇ. ಸೋಪು ಕೂಡ ಇಲ್ಲ. ಗಂಧದ ಸೋಪಿಲ್ಲದೆ ಸ್ನಾನ ಮಾಡಿದರೆ ಸ್ನಾನ ಮಾಡಿದ ಹಾಗೇ ಅನ್ನಿಸುವುದಿಲ್ಲ, ಮೈಗೆ ಮಾತ್ರ ಹಾಕಿಕೊಳ್ಳುತ್ತಿದ್ದೇನೆ. ಮೊದಲ ವಾರ ಜಾಸ್ತಿ ಉರಿಯಬಹುದು ಅಂತಲೂ ಹೇಳಿದ್ದಾರೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇತ್ತು. ಈ ಸಲ ಬಸ್ಸಿನಲ್ಲಿ ಹೋಗಿ ಕೈಮುಗಿದು ಬರುತ್ತೇನೆ, ತಾಯಿ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಮೂರು ವಾರ ಆದ ಮೇಲೆ ಏನು ಹಾಕಲಿ, ಅಕ್ಕ? ಜಿಂಕ್ ಸನ್‌ಸ್ಕ್ರೀನ್ ಬಿಳಿ ಬಿಳಿ ಕಾಣುತ್ತದೆ.

ಪಾರ್ಲರ್ ಅಕ್ಕ, ಕುವೆಂಪುನಗರ

ಮೇಕಪ್ ಮಾಡುವವಳಾಗಿ ನಾನೇ ಆ ಟ್ಯೂಬಿನ ಪ್ರಶ್ನೆ ಮೊದಲು ಕೇಳಬೇಕಿತ್ತು. ಇನ್ನು ಮೇಲೆ ಬರುವವರಿಗೆಲ್ಲ ಕೇಳುತ್ತೇನೆ.

ಬಿಳಿ ಕಾಣುವುದಕ್ಕೆ ಟಿಂಟೆಡ್ ಸನ್‌ಸ್ಕ್ರೀನ್ ಇದೆ. ಜಿಂಕ್ ಜೊತೆ ಐರನ್ ಆಕ್ಸೈಡಿನ ಬಣ್ಣ ಸೇರಿರುತ್ತದೆ. ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ನಿಮ್ಮ ಹಳೇ ಬಂಗಿಗೂ ಒಳ್ಳೆಯದು. ಡಾಕ್ಟರು ಒಪ್ಪಿದರೆ ಮದುವೆಗೆ ಅದೇ ತಳ. ಅದರ ಮೇಲೆ ಹಳದಿ ಛಾಯೆಯ ಲಿಕ್ವಿಡ್ ಫೌಂಡೇಶನ್, ಮುಖಕ್ಕೆಲ್ಲ ಅಲ್ಲ, ಕೆಂಪು ಇರುವ ಕಡೆ ಮಾತ್ರ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಇರುವುದು ಜಾರಿಕೊಂಡು ಹರಡುತ್ತದೆ, ತಿಕ್ಕಬೇಕಾಗಿಲ್ಲ. ಒದ್ದೆ ಸ್ಪಂಜಿನಲ್ಲಿ ಒತ್ತಿ ಒತ್ತಿ ಹಾಕಿ. ಸ್ಪಂಜ್ ನಿಮ್ಮದೇ ಇರಲಿ, ಪಾರ್ಲರಿನವರದು ಬೇಡ. ನಾನೇ ಪಾರ್ಲರಿನವಳು, ಹೇಳುತ್ತಿದ್ದೇನೆ.

24 ಗಂಟೆ ಇರುತ್ತದೆ, ವಾಟರ್‌ಪ್ರೂಫ್ ಅನ್ನುವುದಕ್ಕೆ ಆಸೆ ಪಡಬೇಡಿ. ಅದು ಹೋಗಬೇಕಾದರೆ ತಿಕ್ಕಬೇಕು. ನಿಮ್ಮ ಚರ್ಮ ಸೋಲುವುದು ಹಾಕುವಾಗಲ್ಲ, ತೆಗೆಯುವಾಗ. ನಡುವೆ ಬೆವರಿದರೆ ಟಿಶ್ಯೂ ಒತ್ತಿ, ಒರೆಸಬೇಡಿ.

ಮರೆತಿದ್ದೆ. ಅರಿಶಿನ ಶಾಸ್ತ್ರದಲ್ಲಿ ಕಳಸಗಿತ್ತಿಗೂ ಬಳಿಯುತ್ತಾರೆ. ಮುಖಕ್ಕೆ ಬೇಡ, ಕೈಕಾಲಿಗೆ ಸಾಕು ಅಂತ ಮೊದಲೇ ಹೇಳಿಬಿಡಿ. ಉರಿ ಒಂದು ಕಡೆ, ಮಾರನೇ ದಿನ ಮುಖ ಹಳದಿಯಾಗಿ ಶೇಡೂ ಕೂಡುವುದಿಲ್ಲ.

ಕಬ್ಬಿನಹಾಲು, ಮಂಡ್ಯ

ಮದುವೆ ಮುಗಿಯಿತು. ಕೇಳಿದವರಿಗೆ ಹೇಳದೆ ಹೋದರೆ ಸರಿಯಲ್ಲ ಅಂತ ಬಂದೆ.

ಮೊದಲ ಎಂಟು ದಿನ ನರಕ. ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು ಮಲಗಿದ್ದೇನೆ. ನಾಲ್ಕನೇ ವಾರಕ್ಕೆ ಉರಿ ಇಳಿಯಿತು. ಕೆಂಪು ಪೂರ್ತಿ ಹೋಗಿಲ್ಲ, ಇನ್ನೂ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದಿದ್ದಾರೆ ಡಾಕ್ಟರು. ಅವರು ಸರಿ ಅಂದ ಮೇಲೆ ಅರಸು ರಸ್ತೆಯಲ್ಲಿ ಏಳು ಬಾಟಲಿಯ ಬೆನ್ನು ಓದಿದೆ. ಅಂಗಡಿ ಹುಡುಗಿ "ಪರೀಕ್ಷೆಗೆ ಓದ್ತಿದ್ದೀರಾ ಮೇಡಂ?" ಅಂದಳು. ಐದರಲ್ಲಿ ಸುವಾಸನೆ ಇತ್ತು. ಉಳಿದ ಎರಡರಲ್ಲಿ ಒಂದು ಗುಲಾಬಿ ಛಾಯೆ. ಇನ್ನೊಂದು ತಂದೆ, 700 ರೂಪಾಯಿ ಚಿಲ್ಲರೆ. ಮೊಣಕೈಗೆ ಎಂಟು ದಿನ ಹಚ್ಚಿದೆ, ಏನೂ ಆಗಲಿಲ್ಲ.

ಹಿಂದಿನ ಸಂಜೆ ಆರತಕ್ಷತೆಯಲ್ಲಿ ಲೈಟಿನ ಕೆಳಗೂ ಚೆನ್ನಾಗಿತ್ತು. ಬೆಳಗ್ಗೆ ಹೋಮದ ಹೊತ್ತಿಗೆ ಕೆನ್ನೆ ಬೆಚ್ಚಗಾಗಲು ಶುರುವಾಯಿತು. ಮೂಗಿನ ಮೇಲಿನದು ಬೆವರಿಗೆ ಹೋಯಿತು, ಹೋದರೆ ಹೋಗಲಿ ಅಂತ ಬಿಟ್ಟೆ. ಉರಿಯಲಿಲ್ಲ. ಊಟಕ್ಕೆ ಕೂತಾಗ ಸಾರು ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು ಮಜ್ಜಿಗೆ ಹುಳಿಯಲ್ಲೇ ಮುಗಿಸಿದೆ.

ಆಲ್ಬಮ್ ನಿನ್ನೆ ಬಂತು. ಧಾರೆಯ ಫೋಟೋದಲ್ಲಿ ನನ್ನ ಕೆನ್ನೆ ಒಂಚೂರು ಕೆಂಪೇ. ಅದು ನಾಚಿಕೆ ಅಂತ ಅತ್ತೆ ಎಲ್ಲರಿಗೂ ತೋರಿಸುತ್ತಿದ್ದಾರೆ. ನನ್ನ ಮದುವೆಯಾಗಿ ಹನ್ನೊಂದು ವರ್ಷ ಆಯಿತು!

ಅಕ್ಕ, ಬಾಟಲಿಯಲ್ಲಿ ಮುಕ್ಕಾಲು ಭಾಗ ಹಾಗೇ ಇದೆ. ಹಿಂದೆ ಮುಚ್ಚಳ ತೆರೆದ ಡಬ್ಬಿ ಚಿತ್ರದಲ್ಲಿ 12 ಎಂ ಅಂತ ಇದೆ. ದೀಪಾವಳಿಗೆ ಹಾಕಬಹುದಾ?

ಪಾರ್ಲರ್ ಅಕ್ಕ, ಕುವೆಂಪುನಗರ

ಧಾರಾಳವಾಗಿ. ಮುಚ್ಚಳ ತೆರೆದ ದಿನದಿಂದ 12 ತಿಂಗಳು ಅಂತ ಅರ್ಥ. ತಾರೀಖು ಪೆನ್ನಿನಲ್ಲಿ ಬಾಟಲಿ ಮೇಲೆ ಈಗಲೇ ಬರೆದಿಡಿ, ಆಮೇಲೆ ನೆನಪಿರುವುದಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಸ್ಪಂಜ್ ಮಾತ್ರ ಬಿಸಾಕಿ, ಹೊಸದು ತಗೊಳ್ಳಿ.