ಲ್ಯಾಬಿನಲ್ಲಿ ಗುಂಪು ಕೆಲಸ: ಮೌಸ್ ಒಬ್ಬರ ಕೈಲಿ, ಮಿಕ್ಕವರು ಸುಮ್ನೆ ನೋಡ್ತಾರೆ. ಏನು ಮಾಡೋದು?

ಪಿಸಿಎಂ_ಟೀಚರ್ (ಯಶವಂತಪುರ ಕಡೆ)

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ 9 ಮತ್ತು 10ನೇ ತರಗತಿಗೆ ಗಣಿತ, ಭೌತವಿಜ್ಞಾನ ಹೇಳಿಕೊಡುತ್ತೇನೆ. ಲ್ಯಾಬಿನಲ್ಲಿ ಓಡುವ ಕಂಪ್ಯೂಟರ್ 10, ಎಲ್ಲವೂ ವಿಂಡೋಸ್ 7. ಮಕ್ಕಳು 42. ಒಂದೊಂದು ಕಂಪ್ಯೂಟರಿಗೆ ನಾಲ್ಕೈದು ಜನ ಕೂರಿಸಿ ಜಿಯೋಜೀಬ್ರಾ (ಆಕೃತಿ ರಚಿಸಿ ಎಳೆದು ನೋಡುವ ಗಣಿತದ ಸಾಫ್ಟ್‌ವೇರ್) ಮತ್ತು ಫೆಟ್ ಸಿಮ್ಯುಲೇಶನ್ (ಪರದೆಯ ಮೇಲೆ ಮಾಡಿ ನೋಡುವ ವಿಜ್ಞಾನ ಪ್ರಯೋಗ) ಮಾಡಿಸುತ್ತಿದ್ದೇನೆ.

ತೊಂದರೆ ಮೂರು. ಪ್ರತಿ ಗುಂಪಿನಲ್ಲೂ ಒಬ್ಬರು ಮೌಸ್ ಹಿಡಿದರೆ ಬಿಡುವುದೇ ಇಲ್ಲ. ಉಳಿದವರು ಉತ್ತರ ಬರೆದುಕೊಂಡು ಎದ್ದು ಹೋಗುತ್ತಾರೆ. ಎರಡನೆಯದು, ಎಲ್ಲಾ ಗುಂಪುಗಳ ಅಳತೆ ಒಂದೇ ಕಡೆ ಬರಲಿ ಅಂತ ಗೂಗಲ್ ಶೀಟ್ ಹಂಚಿದೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಅದರ ಮೇಲೆ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಎಲ್ಲಾ ಕಂಪ್ಯೂಟರ್ ಸೇರುವುದೇ ಇಲ್ಲ. ಮೂರನೆಯದು, ಕೆಲವು ಕಂಪ್ಯೂಟರ್‌ಗಳಲ್ಲಿ ಫೆಟ್ ತೆರೆದರೆ ಬರೀ ಬಿಳಿ ಪುಟ.

ಒಂದು ಕಂಪ್ಯೂಟರಿಗೆ ಎರಡು ಮೌಸ್ ಸಿಕ್ಕಿಸಿದರೆ ಹೇಗೆ? ಯಾರಾದ್ರೂ ಮಾಡಿ ನೋಡಿದ್ದೀರಾ?

ಪೆನ್‌ಡ್ರೈವ್

ಮೇಡಂ, ಸುಲಭದ್ದು ಮೊದಲು. ಬಿಳಿ ಪುಟ ಬರುತ್ತಿರುವುದು ಬ್ರೌಸರ್‌ನಿಂದ. ಆ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದುಕೊಳ್ಳುತ್ತಿರಬೇಕು, ನೋಡಿ. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109, ಕೊನೆಯ ಫೈರ್‌ಫಾಕ್ಸ್ 115. ಎರಡರಲ್ಲಿ ಒಂದನ್ನು ಹಾಕಿ.

ಫೆಟ್‌ಗೆ ನೆಟ್ ಬೇಕಾಗಿಯೇ ಇಲ್ಲ. ಹೊಸ ಸಿಮ್ಯುಲೇಶನ್‌ಗಳು ಒಂದೊಂದೂ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಡೌನ್‌ಲೋಡ್ ಆಗುತ್ತವೆ. ಪೆನ್‌ಡ್ರೈವ್‌ನಲ್ಲಿ ತಂದು ಡೆಸ್ಕ್‌ಟಾಪಿಗೆ ಹಾಕಿದರೆ ಸಾಕು. ಕನ್ನಡದಲ್ಲೂ ಹಲವು ಇವೆ, ಇಳಿಸಿಕೊಳ್ಳುವಾಗ ಭಾಷೆ ನೋಡಿ. ಜಿಯೋಜೀಬ್ರಾ ಕೂಡ ಇನ್‌ಸ್ಟಾಲ್ ಮಾಡಿಕೊಂಡರೆ ಆಫ್‌ಲೈನ್ ಓಡುತ್ತದೆ.

ಫೋನಿನ ಹಾಟ್‌ಸ್ಪಾಟ್‌ಗೆ ಎಷ್ಟು ಸಾಧನ ಸೇರಬಹುದು ಅನ್ನುವುದಕ್ಕೆ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ. ಅದನ್ನು ನಂಬಿ ಪೀರಿಯಡ್ ಹಾಳು ಮಾಡಿಕೊಳ್ಳಬೇಡಿ. ಶೀಟ್ ಬೇಕೇ ಬೇಕು ಅಂದರೆ ಗುಂಪಿಗೊಂದು ಟ್ಯಾಬ್ ಮಾಡಿ, ಮೊದಲ ಟ್ಯಾಬಿನಲ್ಲಿ ಸೂತ್ರ ಹಾಕಿ ಎಲ್ಲವೂ ತಾನಾಗಿ ಬರುವ ಹಾಗೆ ಮಾಡಿ, ಆ ಟ್ಯಾಬಿಗೆ ಬೀಗ ಹಾಕಿ. ನನ್ನ ಕೇಳಿದರೆ ಕಪ್ಪುಹಲಗೆಯೇ ವಾಸಿ. ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ, ಕರೆಂಟು ಹೋದರೂ ಇರುತ್ತದೆ.

ಹಳೇ_ಲ್ಯಾಬು

ಎರಡು ಮೌಸ್ ಸಿಕ್ಕಿಸಿದರೆ ವಿಂಡೋಸ್‌ನಲ್ಲಿ ಎರಡೂ ಅದೇ ಒಂದು ಬಾಣವನ್ನು ಎಳೆದಾಡುತ್ತವೆ. ಜಗಳ ಇನ್ನೂ ಜಾಸ್ತಿ ಆಗುತ್ತದೆ.

ಈ ಯೋಚನೆಗೆ ನಮ್ಮೂರಿನದೇ ಒಂದು ಕಥೆ ಇದೆ. 2006ರ ಹೊತ್ತಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಉದಯ್ ಸಿಂಗ್ ಪವಾರ್, ಜೋಯೋಜೀತ್ ಪಾಲ್, ಕೆಂಟಾರೊ ಟೊಯಾಮಾ ಇದನ್ನೇ ಮಾಡಿದರು. ಒಂದು ಪರದೆ, ಹಲವು ಮೌಸ್, ಪ್ರತಿ ಮಗುವಿಗೆ ಬೇರೆ ಬಣ್ಣದ ಬಾಣ. ಅದಕ್ಕೆಂದೇ ಬರೆದ ಸಾಫ್ಟ್‌ವೇರ್ ಬೇಕಿತ್ತು. ಜಿಯೋಜೀಬ್ರಾದಲ್ಲಿ ಅದು ಆಗುವುದಿಲ್ಲ.

ನಿಮಗೆ ಉಪಯೋಗಕ್ಕೆ ಬರುವುದು ಅವರಿಗೆ ಮುಂದೆ ಕಂಡ ಸಂಗತಿ. ಇಂಗ್ಲಿಷ್ ಪದ ಕಲಿಯುವ ಆಟವನ್ನು ಎರಡು ಥರ ಆಡಿಸಿದರು. ಮೊದಲು ಕ್ಲಿಕ್ ಮಾಡಿದವರು ಗೆದ್ದರು ಅನ್ನುವುದು ಒಂದು. ಎಲ್ಲರೂ ಸರಿ ಉತ್ತರ ಒತ್ತಿದರೆ ಮಾತ್ರ ಮುಂದೆ ಅನ್ನುವುದು ಇನ್ನೊಂದು. ಪೈಪೋಟಿ ಇಟ್ಟಾಗ ಹುಡುಗರ ಗುಂಪುಗಳು ಸುಮ್ಮನೆ ಒತ್ತುತ್ತಾ ಹೋದವು, ಕಲಿತದ್ದು ಕಡಿಮೆ. ಎಲ್ಲರೂ ಒಪ್ಪಬೇಕು ಅಂದಾಗ, ಒಬ್ಬೊಬ್ಬರೇ ಒಂದು ಕಂಪ್ಯೂಟರಿನಲ್ಲಿ ಕೂತು ಕಲಿತಷ್ಟೇ ಹೆಚ್ಚುಕಡಿಮೆ ಕಲಿತರು. ಮೌಸ್ ಅಷ್ಟೇ ಇದ್ದವು, ಬದಲಾದದ್ದು ಆಟದ ನಿಯಮ.

ಕೋನಮಾಪಕ

ಮೇಲಿನ ಮಾತು ನನಗೂ ಸರಿ ಅನ್ನಿಸುತ್ತದೆ. ಮೇಡಂ, ನೀವು ಕೊಡುವ ಕೆಲಸ ಒಬ್ಬರಿಂದ ಆಗುವಂಥದ್ದಾದರೆ ಒಬ್ಬರೇ ಮಾಡುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ.

ಜಿಯೋಜೀಬ್ರಾಗೆ ನನ್ನ ಉಪಾಯ: ಕಟ್ಟುವವರು ಇಬ್ಬರು, ಕೆಡಿಸುವವರು ಇಬ್ಬರು. ಮೊದಲ ಜೋಡಿ ಒಂದು ಚೌಕ ರಚಿಸಲಿ. ಎರಡನೇ ಜೋಡಿ ಮೌಸ್ ತೆಗೆದುಕೊಂಡು ಒಂದೊಂದೇ ಮೂಲೆ ಎಳೆಯಲಿ. ಕಣ್ಣಂದಾಜಿನಲ್ಲಿ ಚುಕ್ಕಿ ಇಟ್ಟು ಮಾಡಿದ ಚೌಕ ತಕ್ಷಣ ಸೊಟ್ಟಗಾಗುತ್ತದೆ. ಲಂಬ ರೇಖೆ, ವೃತ್ತ ಬಳಸಿ ಕಟ್ಟಿದ್ದು ದೊಡ್ಡದಾಗುತ್ತದೆ, ತಿರುಗುತ್ತದೆ, ಚೌಕವಾಗಿಯೇ ಉಳಿಯುತ್ತದೆ. ಕೆಟ್ಟರೆ ಯಾಕೆ ಕೆಟ್ಟಿತು ಅಂತ ಕೆಡಿಸಿದವರೇ ಬರೆಯಬೇಕು. ಆಮೇಲೆ ಜೋಡಿ ಅದಲುಬದಲು. ಮೌಸ್ ಕೈ ಬದಲಾಗದೆ ಈ ಆಟ ಮುಂದೆ ಹೋಗುವುದೇ ಇಲ್ಲ. ಕೆಡಿಸುವುದರಲ್ಲಿ ಹಿಂದಿನ ಬೆಂಚಿನವರ ಉತ್ಸಾಹ ನೋಡಬೇಕು ನೀವು!

9ನೇ ತರಗತಿಯ ಚತುರ್ಭುಜದ ಪಾಠಕ್ಕೂ ಹೀಗೇ ಮಾಡಬಹುದು. ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದು ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ. ಹೊರಗಿನದು ವಜ್ರಾಕೃತಿ ಆದರೆ ಒಳಗೆ ಏನು? ಆಯತ ಆದರೆ? ಎಳೆಯುವ ಮೊದಲು ನಾಲ್ವರೂ ತಂತಮ್ಮ ಊಹೆ ಕಾಗದದಲ್ಲಿ ಬರೆದು ಮಡಚಿಡಬೇಕು. ಬರೆಯದಿದ್ದರೆ ಎಳೆಯುವಂತಿಲ್ಲ.

10ನೇ ತರಗತಿಯ ವಿದ್ಯುತ್ ಪಾಠಕ್ಕೆ ಜಿಗ್‌ಸಾ ಮಾಡಿ. ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ರೂಪಿಸಿದ ಕ್ರಮ ಇದು. ಅಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳನ್ನು ಹೊಸದಾಗಿ ಒಂದೇ ತರಗತಿಗೆ ಸೇರಿಸಿದ್ದರು, ಜಗಳ ಜೋರಾಗಿತ್ತು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪಕ್ಕದವರನ್ನು ಕೇಳದೆ ಯಾರಿಗೂ ಪಾಠ ಪೂರ್ತಿಯಾಗುತ್ತಿರಲಿಲ್ಲ. ಫೆಟ್‌ನಲ್ಲಿ ತಂತಿಯ ರೋಧದ ಒಂದು ಸಿಮ್ಯುಲೇಶನ್ ಇದೆ. ಅದರಲ್ಲಿ ಬದಲಾಯಿಸಬಹುದಾದದ್ದು ಮೂರೇ: ರೋಧಶೀಲತೆ, ಉದ್ದ, ಅಡ್ಡಕೊಯ್ತದ ವಿಸ್ತೀರ್ಣ. ಕೆಲವು ಕಂಪ್ಯೂಟರಿಗೆ ಉದ್ದ ಮಾತ್ರ, ಕೆಲವಕ್ಕೆ ವಿಸ್ತೀರ್ಣ ಮಾತ್ರ, ಮಿಕ್ಕವಕ್ಕೆ ರೋಧಶೀಲತೆ ಮಾತ್ರ. ಹದಿನೈದು ನಿಮಿಷ ಬಿಟ್ಟು ಮಾನಿಟರ್ ಆರಿಸಿ. ಒಂದೊಂದು ಕಡೆಯಿಂದ ಒಬ್ಬೊಬ್ಬರನ್ನು ತೆಗೆದು ಮೂವರ ಹೊಸ ಗುಂಪು ಮಾಡಿ. ಈಗ ಪ್ರಶ್ನೆ: ಉದ್ದ ಎರಡು ಪಟ್ಟು, ವಿಸ್ತೀರ್ಣ ಅರ್ಧ, ರೋಧಶೀಲತೆಯೂ ಅರ್ಧ. ರೋಧ ಎಷ್ಟು? ಒಬ್ಬರ ಪಟ್ಟಿಯಿಂದ ಉತ್ತರ ಹೊರಡುವುದಿಲ್ಲ. ಮೂರೂ ಪಟ್ಟಿ ಕೂಡಿದರೆ ಎರಡು ಪಟ್ಟು ಅಂತ ಬರುತ್ತದೆ.

ಪೋರ್ಷನ್_ಮುಗಿಸ್ಬೇಕು

ಎಲ್ಲಾ ಚೆನ್ನಾಗಿದೆ ಸಾರ್. 40 ನಿಮಿಷದ ಪೀರಿಯಡ್‌ನಲ್ಲಿ ಮಕ್ಕಳು ಲ್ಯಾಬಿಗೆ ಬಂದು ಚಪ್ಪಲಿ ಬಿಡೋದಕ್ಕೇ ಹತ್ತು ನಿಮಿಷ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕೇಳುವಾಗ ಜಿಗ್‌ಸಾ ಅಂತ ಹೇಳಕ್ಕಾಗುತ್ತಾ?

ಕೋನಮಾಪಕ

ನಿಜ. ಅದಕ್ಕೇ ಎಲ್ಲಾ ಪಾಠಕ್ಕೂ ಮಾಡಬೇಡಿ ಅನ್ನುತ್ತೇನೆ. ಎಳೆದು ನೋಡಿದರೆ, ಬದಲಾಯಿಸಿ ನೋಡಿದರೆ ಮಾತ್ರ ತಿಳಿಯುವಂಥದ್ದಕ್ಕೆ ಲ್ಯಾಬು. ವರ್ಗ ಸಮೀಕರಣ ಬಿಡಿಸುವ ಅಭ್ಯಾಸಕ್ಕೆ ನೋಟ್‌ಬುಕ್ಕೇ ಸಾಕು.

ಪಿಸಿಎಂ_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಫೈರ್‌ಫಾಕ್ಸ್ ಹಾಕಿದ ಮೇಲೆ ಬಿಳಿ ಪುಟ ಹೋಯಿತು. ಕಟ್ಟು-ಕೆಡಿಸು ಆಟ 9ನೇ ತರಗತಿಯಲ್ಲಿ ಮಾಡಿಸಿದೆ. ಗಲಾಟೆ ಕೇಳಿ ಪಕ್ಕದ ಕ್ಲಾಸಿನ ಟೀಚರ್ ಬಂದು ನೋಡಿದರು. ಮೌಸ್ ಕೈ ಬದಲಾಯಿತು. ಆದರೆ ಎರಡು ಗುಂಪಿನಲ್ಲಿ ‘ಯಾಕೆ ಕೆಟ್ಟಿತು’ ಅನ್ನುವುದನ್ನು ಚುರುಕಿನ ಹುಡುಗಿಯೊಬ್ಬಳು ಹೇಳಿ ಬರೆಸಿದಳು, ಮಿಕ್ಕವರು ಹಾಗೇ ಇಳಿಸಿಕೊಂಡರು. ಇದಕ್ಕೇನು ಮಾಡಲಿ?

ಹಳೇ_ಲ್ಯಾಬು

ಬರೆದದ್ದನ್ನು ಇಸ್ಕೊಳ್ಳಲೇಬೇಡಿ. ಕೊನೆಯ ಐದು ನಿಮಿಷ ಗುಂಪಿಗೊಂದು ಚೀಟಿ ಎತ್ತಿ. ಯಾರ ಹೆಸರು ಬಂದರೆ ಅವರೇ ಎದ್ದು ಬಂದು ಮೂಲೆ ಎಳೆದು ತೋರಿಸಿ ಹೇಳಬೇಕು, ಅಂಕ ಇಡೀ ಗುಂಪಿಗೆ. ಚೀಟಿ ಎತ್ತುತ್ತೀರಿ ಅನ್ನುವುದನ್ನು ಪೀರಿಯಡ್ ಶುರುವಿನಲ್ಲೇ ಹೇಳಿಬಿಡಿ. ಆಗ ಆ ಹುಡುಗಿಯೇ ಮಿಕ್ಕವರನ್ನು ಕೂರಿಸಿಕೊಂಡು ಹೇಳಿಕೊಡುತ್ತಾಳೆ.