ಬಳ್ಳಾರಿ ಜೀನ್ಸ್ ಆನ್‌ಲೈನ್‌ಗೆ ಹಾಕಿದ್ರೆ ಪೀಸಿಗೆ ಉಳಿಯೋದೆಷ್ಟು?

ಕೌಲ್‌ಬಜಾರ್_ಕತ್ತರಿ
ಬಳ್ಳಾರಿಯಲ್ಲಿ 12 ಮಷಿನ್ನಿನ ಹೊಲಿಗೆ ಯೂನಿಟ್. ಬಟ್ಟೆ, ಹೊಲಿಗೆ, ವಾಶಿಂಗ್ ಎಲ್ಲ ಸೇರಿ ಪ್ಯಾಂಟಿಗೆ 320 ಬೀಳುತ್ತೆ. ಹೋಲ್‌ಸೇಲ್‌ಗೆ 355ಕ್ಕೆ ಹೋಗುತ್ತೆ, ದುಡ್ಡು ಬರೋದು ಮೂರು ತಿಂಗಳಿಗೆ. ಅದೇ ಮಾಲು ಆನ್‌ಲೈನ್‌ನಲ್ಲಿ 499. ನಾವೇ ನೇರ ಹಾಕಿದ್ರೆ ನಡುವಿನ 144 ನಮಗೇ ಉಳಿಯುತ್ತಾ? ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದೀವಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ). ತಿಳಿದೋರು ಲೆಕ್ಕ ಸಮೇತ ಹೇಳ್ರಿ.

ಪಾರ್ಸಲ್_ಲೆಕ್ಕ
ಇಲ್ಲ ಅಣ್ಣ. ಕಾಂಪೊಸಿಷನ್ ಬಿಟ್ಟು ರೆಗ್ಯುಲರ್ ಜಿಎಸ್‌ಟಿ ನೋಂದಣಿಗೆ ಬಂದ್ರೆ 499ರ ಹೊಟ್ಟೆಯಲ್ಲೇ ಶೇ 5 ಜಿಎಸ್‌ಟಿ ಕೂತಿರುತ್ತೆ, ತೆಗೆದ್ರೆ 475. ಅದರಲ್ಲಿ 320 ಕಳೆದ್ರೆ 155. ಇದು ವಾಪಸ್ ಬರದ ಪೀಸಿನ ಲೆಕ್ಕ ಮಾತ್ರ.

100 ಆರ್ಡರ್ ಹಿಡೀರಿ. ದರ ಎಲ್ಲ ಅಂದಾಜು, ಆನ್‌ಲೈನ್ ಮಾರಾಟಗಾರರ ನಿಮ್ಮ ಪ್ಯಾನೆಲ್‌ನಲ್ಲಿ ತೋರಿಸೋದನ್ನ ಹಾಕ್ಕೊಳ್ರಿ. 15 ಪಾರ್ಸಲ್ ಬಾಗಿಲಿಂದಲೇ ತಿರುಗಿ ಬಂದವು, ಇನ್ನು 15 ಹಾಕಿ ನೋಡಿ ವಾಪಸ್ ಕಳಿಸಿದ್ರು. ಉಳಿದ 70ಕ್ಕೆ 155ರಂತೆ 10,850. ಪ್ಯಾಕಿಂಗ್ ಮಾತ್ರ ನೂರಕ್ಕೂ ಆಗಿದೆ, ತಲಾ 8 ಅಂದ್ರೆ 800. ಮಾರಿದ 70ಕ್ಕೆ ಪ್ಲಾಟ್‌ಫಾರ್ಮ್ ಕಡಿತ ತಲಾ 60, ಅಂದ್ರೆ 4,200. ಗಿರಾಕಿ ವಾಪಸಿನ ಸಾಗಣೆ ತಲಾ 120, ಒಟ್ಟು 1,800. ಕಲೆಯಾಗಿ ಮತ್ತೆ ಮಾರಕ್ಕೆ ಬರದವು 5, ಅದು 1,600. ಕೈಗೆ ಸಿಕ್ಕಿದ್ದು 2,450. ಮಾರಿದ ಪೀಸಿಗೆ 35. ಹೋಲ್‌ಸೇಲ್‌ನಲ್ಲಿ ಉಳಿಯೋದೂ ಅಷ್ಟೇ ಅಲ್ವಾ!

ಗಿರಾಕಿ ವಾಪಸ್ 25ಕ್ಕೆ ಏರಿ, ಕೆಟ್ಟವು 8 ಆದ್ರೆ 660 ಕೈಯಿಂದ ಹಾಕಬೇಕು. ಜಾಹೀರಾತಿನ ಖರ್ಚು ಇದರಲ್ಲಿಲ್ಲ.

ತೂಕ ಬೇರೆ ಇದೆ. ಪಾರ್ಸಲ್ ದರದ ಸ್ಲ್ಯಾಬ್ ಸಾಮಾನ್ಯವಾಗಿ 500 ಗ್ರಾಮಿಗೆ ಬದಲಾಗುತ್ತೆ, 10 ಔನ್ಸ್ (ಚದರ ಗಜ ಬಟ್ಟೆಯ ತೂಕ) ಡೆನಿಮ್ ಪ್ಯಾಂಟ್ ಸರಿಯಾಗಿ ಅದರ ಆಚೀಚೆ ನಿಲ್ಲುತ್ತೆ. ಉಬ್ಬಿಸಿ ಮಡಚಿದ್ರೆ ಅಳತೆಯ ತೂಕ ಹೊಡೀತದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಬರೋದು ಕಿಲೋ ಲೆಕ್ಕ. 35×28×4 ಪಾಕೀಟು 784 ಗ್ರಾಂ ಆಗುತ್ತೆ, ಗಾಳಿ ಒತ್ತಿ 30×25×3 ಮಾಡಿದ್ರೆ 450. ತಕ್ಕಡಿ ತೂಕ, ಅಳತೆಯ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ತಕ್ಕಡಿ ಮೇಲಿಟ್ಟ ಫೋಟೊ ಇಲ್ಲದಿದ್ರೆ ತಕರಾರು ನಿಲ್ಲಲ್ಲ.

ನೀಲಿ_ದ್ರಮ್ಮು
ವಾಪಸ್ ಶುರುವಾಗೋದೇ ಕಟಿಂಗ್ ಟೇಬಲ್ಲಿಂದ. ಸೈಜ್ ಚಾರ್ಟನ್ನ ಬೇರೆಯವರ ಪುಟದಿಂದ ಕಾಪಿ ಹೊಡೀಬೇಡ್ರಿ. ವಾಶ್ ಆಗಿ ಪೂರಾ ಒಣಗಿದ ಮೇಲೆ ಗುಂಡಿ ಹಾಕಿ, ಎಳೆಯದೆ ಮೇಜಿನ ಮೇಲೆ ಹಾಸಿ, ಸೊಂಟದ ಮೇಲಂಚು ಅಳೆದು ಎರಡರಿಂದ ಗುಣಿಸಿ. ಬರೋ ಇಂಚನ್ನೇ ಚಾರ್ಟಿಗೆ ಹಾಕಿ, ಲೇಬಲ್ ಮೇಲೆ 32 ಅಂತ ಇದ್ರೂ ಸರಿ.

ಪ್ರತಿ ರೋಲಿನಿಂದ 50×50 ಸೆಂ.ಮೀ. ತುಂಡಿಗೆ ಗುರುತು ಹಾಕಿ, ಮಾಲಿನ ವಾಶ್‌ಗೇ ಸೇರಿಸಿ. ಉದ್ದ 48.5ಕ್ಕೆ ಬಂದ್ರೆ ಶೇ 3 ಕುಗ್ಗಿದೆ. ಸಿದ್ಧ ಪ್ಯಾಂಟ್ 102 ಸೆಂ.ಮೀ. ಬೇಕಂದ್ರೆ 105ಕ್ಕೆ ಕತ್ತರಿಸಬೇಕು. ಅಡ್ಡಕ್ಕೆ ಬೇರೆ ಲೆಕ್ಕ, ಸ್ಟ್ರೆಚ್ ಬಟ್ಟೆ ಅಡ್ಡಕ್ಕೇ ಜಾಸ್ತಿ ಕುಗ್ಗುತ್ತೆ. ಎರಡು ರೋಲು ಒಂದೇ ಲೇಯಲ್ಲಿ (ಕತ್ತರಿಸೋಕೆ ಹಾಸೋ ಪದರಗಳಲ್ಲಿ) ಹಾಸಿ ತುಂಡು ಬೆರೆತ್ರೆ ಒಂದು ಕಾಲು ಗಿಡ್ಡ, ಇನ್ನೊಂದು ಉದ್ದ, ಶೇಡೂ ಬೇರೆ.

'ಹಳದಿ ಕಲೆ' ಅಂತ ಬರೋ ದೂರಿಗೆ ಒಂದು ಮುಖ್ಯ ಕಾರಣ ಪಿಪಿ ಸ್ಪ್ರೇ, ಅಂದ್ರೆ ಜೀನ್ಸ್ ಬಣ್ಣ ಮಾಸಿಸೋಕೆ ಹೊಡೆಯೋ ರಾಸಾಯನಿಕ. ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಡೆದ ಮೇಲೆ ಸೋಡಿಯಂ ಮೆಟಾಬೈಸಲ್ಫೈಟ್‌ನಲ್ಲಿ ಪೂರಾ ನ್ಯೂಟ್ರಲ್ ಮಾಡಿ ಚೆನ್ನಾಗಿ ಜಾಲಿಸದಿದ್ರೆ, ಗೋದಾಮಿನಲ್ಲಿ ಸುಮ್ಮನೆ ಇದ್ದಾಗಲೇ ಹಳದಿ ಏಳುತ್ತೆ. ಹೋಲ್‌ಸೇಲ್‌ನಲ್ಲಿ ಇದು ಯಾರಿಗೂ ಗೊತ್ತಾಗದೆ ಹೋಗಿಬಿಡ್ತಿತ್ತು. ಆನ್‌ಲೈನ್‌ನಲ್ಲಿ ಫೋಟೊ ಸಮೇತ ಒಂದು ಸ್ಟಾರ್ ಬಂದು ಕೂರುತ್ತೆ.

ಲೆಡ್ಜರ್_ಮಂದಿ
ಕಾಂಪೊಸಿಷನ್‌ನಲ್ಲಿದ್ದೋರು 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರಬಹುದು, ಆದ್ರೆ ರಾಜ್ಯದೊಳಗೆ ಮಾತ್ರ. ನಮ್ಮ ಕಡೆ ಪೇಚು ಇಲ್ಲೇ ಇರೋದು. ಗುಂತಕಲ್ಲು, ರಾಯದುರ್ಗ, ಆದೋನಿ ಪಕ್ಕದ ಊರು, ತೆರಿಗೆಗೆ ಮಾತ್ರ ಹೊರರಾಜ್ಯ. ಅಲ್ಲಿಗೆ ಒಂದು ಪೀಸ್ ಕಳಿಸೋಕೂ ರೆಗ್ಯುಲರ್ ನೋಂದಣಿ ಬೇಕು. ರೆಗ್ಯುಲರ್ ಆದ್ರೆ ಬಟ್ಟೆ ಮೇಲಿನ ತೆರಿಗೆ ಕ್ರೆಡಿಟ್ ಸಿಗುತ್ತೆ, ನಿಮ್ಮ 320 ಸ್ವಲ್ಪ ಇಳಿಯುತ್ತೆ.

ಪ್ಲಾಟ್‌ಫಾರ್ಮ್ ನಿಮ್ಮ ದುಡ್ಡಲ್ಲಿ ಶೇ 0.5 ಟಿಸಿಎಸ್ (ಮೊದಲೇ ಹಿಡಿಯೋ ಜಿಎಸ್‌ಟಿ) ಹಿಡಿಯುತ್ತೆ. ಅದು ಖರ್ಚಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡ್ರೆ ಕ್ಯಾಶ್ ಲೆಡ್ಜರಿಗೆ ಬರುತ್ತೆ. ಭಾಳ ಮಂದಿ ಆ ಬಟನ್ ಒತ್ತೋದೇ ಇಲ್ಲ. ಆದಾಯ ತೆರಿಗೆ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇ 0.1. ವಾಪಸ್ ಬಂದದ್ದನ್ನ ಮಾರಾಟದಲ್ಲಿ ಕಳೆಯದೆ ರಿಟರ್ನ್ ಹಾಕಿದ್ರೆ ಸುಮ್ಮನೆ ತೆರಿಗೆ ಕಟ್ಟಿದಂಗೆ.

ಕೌಲ್‌ಬಜಾರ್_ಕತ್ತರಿ
ಹಂಗಾದ್ರೆ ಬಿಟ್ಟುಬಿಡೋದಾ?

ಪಾರ್ಸಲ್_ಲೆಕ್ಕ
ಬಿಡಬೇಡ್ರಿ. 35 ಎರಡೂ ಕಡೆ ಒಂದೇ ಆದ್ರೂ ಇಲ್ಲಿ ಡೆಲಿವರಿ ಆಗಿ ಒಂದೆರಡು ವಾರಕ್ಕೆ ದುಡ್ಡು ಖಾತೆಗೆ ಬೀಳುತ್ತೆ, ಅಲ್ಲಿ ಮೂರು ತಿಂಗಳು. ಅದೇ ಬಂಡವಾಳ ವರ್ಷಕ್ಕೆ ಎಷ್ಟು ಸುತ್ತು ಜಾಸ್ತಿ ತಿರುಗುತ್ತೆ ನೋಡ್ರಿ. ಎರಡೇ ಡಿಸೈನ್, 28ರಿಂದ 36ರ ಐದು ಸೈಜ್, ತಲಾ 20 ಪೀಸ್, ಒಟ್ಟು 200 ಸಾಕು. ವಾಪಸ್ ಯಾವ ಸೈಜಿಗೆ, ಯಾವ ಕಾರಣಕ್ಕೆ ಅಂತ ವಾರಕ್ಕೊಮ್ಮೆ ಬರೆದಿಡಿ. ಸ್ವಂತ ಲೇಬಲ್ ಹಾಕಿ, ಹೆಸರುವಾಸಿ ಬ್ರ್ಯಾಂಡಿನ ನಕಲು ಲೇಬಲ್ ಕಂಡ್ರೆ ಖಾತೆಯನ್ನೇ ಮುಚ್ತಾರೆ.

ಲೆಡ್ಜರ್_ಮಂದಿ
ಹೋಲ್‌ಸೇಲ್ ಬಾಕಿಗೂ ಒಂದು ಅಸ್ತ್ರ ಇದೆ. ಸಣ್ಣ ಉದ್ದಿಮೆಗಳಿಗಿರೋ ಸರ್ಕಾರಿ ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ದುಡ್ಡು ಕೊಡೋಕೆ ಗಡುವು, ಬರಹದ ಒಪ್ಪಂದ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ಲದಿದ್ರೆ 15. ಗಡುವು ದಾಟಿ ಮಾರ್ಚ್ 31ಕ್ಕೆ ಬಾಕಿ ಉಳಿಸಿಕೊಂಡ ವ್ಯಾಪಾರಿ ಆ ಮೊತ್ತವನ್ನ ಆ ವರ್ಷ ಖರ್ಚಿಗೆ ತೋರಿಸೋಹಾಗಿಲ್ಲ. ಫೆಬ್ರವರಿಯಲ್ಲೇ ನೆನಪಿಸ್ರಿ.