ಕಮೋಡೋರ್ 64: ಹಳೆಯ ಅಡಾಪ್ಟರನ್ನು ನೇರವಾಗಿ ಜೋಡಿಸಬಹುದೇ?

ಪ್ರಶ್ನೆ: ವರ್ಷಗಟ್ಟಲೆ ಬಳಸದೆ ಇಟ್ಟಿದ್ದ ಕಮೋಡೋರ್ 64 (1980ರ ದಶಕದ ಮನೆ ಕಂಪ್ಯೂಟರ್) ಇದೆ, ಅದರದ್ದೇ ಅಡಾಪ್ಟರ್ ಕೂಡ ಇದೆ. ಆನ್ ಮಾಡುವ ಮೊದಲು ಏನು ಪರೀಕ್ಷಿಸಬೇಕು? ಮಲ್ಟಿಮೀಟರ್ ಇದೆ.

ಉತ್ತರ 1: ದಯವಿಟ್ಟು ಹಾಗೇ ಜೋಡಿಸಬೇಡಿ. ಆ ಅಡಾಪ್ಟರಿನೊಳಗೆ ಸಾಮಾನ್ಯವಾಗಿ ಎಪಾಕ್ಸಿ ತುಂಬಿರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟ್ ಇಳಿಯುವ ಬದಲು ಏರಿಬಿಡಬಹುದು. ಆಗ ಮೊದಲು ಬಲಿಯಾಗುವುದು ರ‍್ಯಾಮ್. ಹಳೆಯ ಬೋರ್ಡಿನಲ್ಲಿ ಎಂಟು 4164 ಮೆಮೊರಿ ಚಿಪ್‌ಗಳಿವೆ, ಬೆಸುಗೆ ಬಿಡಿಸಿ ಬದಲಿಸುವುದು ಸಣ್ಣ ಕೆಲಸವಲ್ಲ.

ಉತ್ತರ 2: ಅಳೆಯುವುದಾದರೆ ಅಡಾಪ್ಟರ್ ಪ್ಲಗ್ಗಿನ 5ನೇ ಪಿನ್ ಮತ್ತು 2ನೇ ಪಿನ್ (ಗ್ರೌಂಡ್) ನಡುವೆ ಡಿಸಿ 4.75ರಿಂದ 5.25 ವೋಲ್ಟ್ ಇರಬೇಕು. 6 ಮತ್ತು 7ರ ನಡುವೆ ಎಸಿ ಸುಮಾರು 9 ವೋಲ್ಟ್, ಲೋಡ್ (ವಿದ್ಯುತ್ ಎಳೆಯುವ ಸಾಧನ) ಇಲ್ಲದಾಗ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಬರೀ ಮೀಟರ್ ಹಿಡಿದರೆ ಸಾಲದು, ಲೋಡ್ ಹಾಕಿಯೂ ನೋಡಬೇಕು. 5 ಓಮ್, 10 ವ್ಯಾಟ್ ರೆಸಿಸ್ಟರನ್ನು 5 ವೋಲ್ಟಿಗೆ ಹಾಕಿ. 1 ಆಂಪಿಯರ್ ಎಳೆಯುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ರೆಸಿಸ್ಟರ್ ಮುಟ್ಟಬೇಡಿ, ಕೈ ಸುಡುತ್ತದೆ.

ಉತ್ತರ 1: ಇವತ್ತು ಪಾಸಾದದ್ದು ನಾಳೆ ಕೈಕೊಡಬಹುದು. ಹೊಸ ಅಡಾಪ್ಟರ್ ತಗೊಳ್ಳಿ, ಇಲ್ಲವೇ ವೋಲ್ಟೇಜ್ ಏರಿದರೆ ಕಡಿತಗೊಳಿಸುವ ಸರ್ಕ್ಯೂಟನ್ನು ನಡುವೆ ಹಾಕಿ.

ಉತ್ತರ 3: ಇನ್ನೊಂದು ಮಾತು. ದೀಪ ಉರಿದೂ ಪರದೆ ಕಪ್ಪಾಗಿದ್ದರೆ ತಕ್ಷಣ ರ‍್ಯಾಮ್ ಕೀಳಬೇಡಿ. ದೀಪಕ್ಕೆ 5 ವೋಲ್ಟ್ ಸಾಕು. ಹಳೆಯ ಬೋರ್ಡಿನಲ್ಲಿ ವಿಡಿಯೋ ಚಿಪ್ಪಿನ 12 ವೋಲ್ಟ್ ಹುಟ್ಟುವುದು 9 ವೋಲ್ಟ್ ಎಸಿಯಿಂದ, ಅದಕ್ಕೆ ಬೋರ್ಡಿನ ಮೇಲೇ ಫ್ಯೂಸ್ ಇದೆ. ಮೊದಲು ಅದನ್ನು ನೋಡಿ.